ಹೆಂಪ್ ಬೀಜ ಮನೆಗೆ ಬಂತು: ಹುರಿಯೋದೋ, ಉದುರಿಸೋದೋ?

ಇದು ಯಾವ ಬೀಜ ಅಂತ ಅತ್ತೆ ಕೇಳಿದರು. ಭಂಗಿ ಗಿಡದ್ದು ಅಂದೆ. ಕೈಯಲ್ಲಿದ್ದ ಪೊಟ್ಟಣವನ್ನು ಮೆಲ್ಲಗೆ ಕಟ್ಟೆ ಮೇಲಿಟ್ಟರು. "ಇದನ್ನ ತಿಂದು ಆಫೀಸಿಗೆ ಬೇರೆ ಹೋಗ್ತೀಯೇನೆ?"

ಇಲ್ಲ ಅತ್ತೆ, ಬೀಜದಲ್ಲಿ ಅಮಲಿಲ್ಲ ಅಂತ ಒಂದು ಕಾಳು ಬಾಯಿಗೆ ಹಾಕಿಕೊಂಡು ತೋರಿಸಬೇಕಾಯಿತು. ಆಮೇಲೆ ಅವರೂ ಒಂದು ಕಾಳು ಕಚ್ಚಿ ನೋಡಿದರು. ಸ್ವಲ್ಪ ಹೊತ್ತು ಅಗಿದು, "ಹುಚ್ಚೆಳ್ಳಿನ ಜಾತಿಯದೇ ಬಿಡು" ಅಂದರು. ಸಸ್ಯಶಾಸ್ತ್ರದ ಪ್ರಕಾರ ತಪ್ಪು. ಅಡುಗೆಮನೆಯ ಲೆಕ್ಕದಲ್ಲಿ ಮಾತ್ರ ನೂರಕ್ಕೆ ನೂರು ಸರಿ. ಎಣ್ಣೆಬೀಜವನ್ನು ಹೇಗೆ ಬಳಸಬೇಕು ಅಂತ ಹುಚ್ಚೆಳ್ಳು, ಅಗಸೆ, ಎಳ್ಳು ತಿಂದು ಬೆಳೆದವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಎರಡು ಮೂರು ವಿಷಯ ತಿಳಿದಿದ್ದರೆ ಸಾಕು.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಅಮಲಿನ ಅಂಶ ಇರೋದು ಈ ಗಿಡದ ಹೂವಿನಲ್ಲಿ, ಅಂಟಿನಲ್ಲಿ. 1985ರ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂಬಿಟ್ಟ ತುದಿ. ತುದಿ ಜೊತೆಗಿಲ್ಲದಿದ್ದರೆ ಬೀಜ ಅದರಲ್ಲಿ ಸೇರುವುದಿಲ್ಲ. 2021ರ ನವೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಹೆಂಪ್ ಬೀಜ, ಬೀಜದ ಎಣ್ಣೆ ಮತ್ತು ಹಿಟ್ಟನ್ನು ಆಹಾರವಾಗಿ ಮಾರಲು ಒಪ್ಪಿತು. ಹಾಗಾಗಿ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುವ ಪೊಟ್ಟಣವನ್ನೇ ಕೊಳ್ಳಿ. ಉಳಿದ ಬೀಜವನ್ನು ಹಿತ್ತಲಲ್ಲಿ ಬಿತ್ತಿ ನೋಡೋಣ ಅನ್ನೋ ಆಸೆ ಮಾತ್ರ ಬೇಡ. ಬೆಳೆಯೋಕೆ ಪರವಾನಗಿ ಬೇಕು!

ಇನ್ನು ಅಂಗಡಿಯಲ್ಲಿ ಎರಡು ಥರ ಸಿಗುತ್ತದೆ. ಒಂದು ಸಿಪ್ಪೆ ಇರುವ ಇಡೀ ಬೀಜ. ಬೂದು ಬಣ್ಣ, ಕೊತ್ತಂಬರಿ ಕಾಳಿಗಿಂತ ಸ್ವಲ್ಪ ಚಿಕ್ಕದು, ಗಟ್ಟಿ. ಇನ್ನೊಂದು ಸಿಪ್ಪೆ ತೆಗೆದದ್ದು. ಇದನ್ನು ಹೆಂಪ್ ಹಾರ್ಟ್ಸ್ ಅಂತ ಮಾರುತ್ತಾರೆ. ಬಿಳಿಯ ಮೇಲೆ ತಿಳಿಹಸಿರು ಚುಕ್ಕಿ, ಮೆತ್ತಗೆ, ಗೋಡಂಬಿಯ ರುಚಿ. ಇಡೀ ಬೀಜವನ್ನು ಹುರಿಯಬೇಕು, ಸಿಪ್ಪೆ ತೆಗೆದದ್ದನ್ನು ಹುರಿಯಬಾರದು. ಇದು ಗೊತ್ತಿಲ್ಲದೆ ನಾನು ಮೊದಲ ಸಲ ಉಲ್ಟಾ ಮಾಡಿದೆ. ದುಬಾರಿ ಹಾರ್ಟ್ಸ್ ಬಾಣಲೆಯಲ್ಲಿ ಕೆಂಪಗಾಗಿ ಕಹಿಯಾಯಿತು. ಇಡೀ ಬೀಜವನ್ನು ಹಾಗೇ ಮೊಸರಿಗೆ ಹಾಕಿದ್ದಕ್ಕೆ ಮನೆಯವರೆಲ್ಲ ಸಂಜೆವರೆಗೂ ಹಲ್ಲಿನ ಸಂದಿಯಿಂದ ಸಿಪ್ಪೆ ತೆಗೆಯುತ್ತಾ ಕೂತಿದ್ದರು.

ಕಾರ್ಬ್ ಕಡಿಮೆ ಮಾಡಲು ಹೊರಟವರು ಇದನ್ನು ಯಾಕೆ ಹುಡುಕುತ್ತಾರೆ ಅಂದರೆ, ಸಿಪ್ಪೆ ತೆಗೆದ 100 ಗ್ರಾಂ ಬೀಜದಲ್ಲಿ ಸುಮಾರು 31 ಗ್ರಾಂ ಪ್ರೋಟೀನ್, 49 ಗ್ರಾಂ ಕೊಬ್ಬು. ಕಾರ್ಬೋಹೈಡ್ರೇಟ್ 9 ಗ್ರಾಂ ಕೂಡ ಇಲ್ಲ, ಅದರಲ್ಲೂ 4 ಗ್ರಾಂ ನಾರು. ಅಷ್ಟೇ ತೂಕದ ಅಕ್ಕಿಯಲ್ಲಿ 80 ಗ್ರಾಂ ಹತ್ತಿರ ಕಾರ್ಬ್ ಇರುತ್ತದೆ. ಆದರೆ 100 ಗ್ರಾಂಗೆ 550 ಕ್ಯಾಲೊರಿ ಅನ್ನೋದೂ ನೆನಪಿರಲಿ. ಸಣ್ಣಗಾಗಲು ಅಂತ ಮುಷ್ಟಿಗಟ್ಟಲೆ ತಿಂದರೆ ಸಣ್ಣಗಾಗಲ್ಲ. ದಿನಕ್ಕೆ ಎರಡು ಮೂರು ಚಮಚ ಸಾಕು. ಮೂರು ದೊಡ್ಡ ಚಮಚ ಅಂದರೆ ಸುಮಾರು 30 ಗ್ರಾಂ, ಅದರಲ್ಲಿ 9 ಗ್ರಾಂ ಪ್ರೋಟೀನ್ ಸಿಗುತ್ತದೆ.

ಕುಮಾವೂಂ ಚಟ್ನಿಯಿಂದ ಶುರು ಮಾಡಿ

ಹೊಸ ಫ್ಯಾಷನ್ ಅಂತ ನಾವು ಅಂದುಕೊಂಡಿರುವ ಈ ಬೀಜ ಉತ್ತರಾಖಂಡದ ಬೆಟ್ಟದ ಹಳ್ಳಿಗಳಲ್ಲಿ ಅಜ್ಜಿಯರ ಕಾಲದ್ದು. ಅಲ್ಲಿನ ಕುಮಾವೂಂ ಕಡೆ ಆಲೂ ಕೆ ಗುಟ್ಕೆ ಅನ್ನೋ ಆಲೂಗಡ್ಡೆ ಪಲ್ಯದ ಜೊತೆ 'ಭಾಂಗ್ ಕಿ ಚಟ್ನಿ' ಇರಲೇಬೇಕು. ನಮ್ಮಂತೆ ಅವರಿಗೂ ರಾಗಿ ರೊಟ್ಟಿ ಇದೆ, ಅಲ್ಲಿ ರಾಗಿಗೆ ಮಡುವಾ ಅಂತಾರೆ. ಆ ರೊಟ್ಟಿಗೂ ಇದೇ ಚಟ್ನಿ. ಹೊಸಬರು ಇದರಿಂದಲೇ ಶುರು ಮಾಡೋದು ಒಳ್ಳೆಯದು, ಕೆಡುವ ಸಂಭವ ಕಡಿಮೆ.

ಬೇಕಾಗಿದ್ದು: ಇಡೀ ಬೀಜ ಕಾಲು ಕಪ್, ಜೀರಿಗೆ ಒಂದು ಚಮಚ, ಒಣಮೆಣಸಿನಕಾಯಿ ಎರಡು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಸ್ವಲ್ಪ ಪುದೀನ, ಉಪ್ಪು, ಒಂದು ನಿಂಬೆಹಣ್ಣು.

1. ಬೀಜವನ್ನು ಮೊರದಲ್ಲಿ ಕೇರಿ. ಸಣ್ಣ ಕಲ್ಲು, ಮಣ್ಣು ಇರುತ್ತದೆ. ತೊಳೆದರೆ ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗಿಸಿ.

2. ದಪ್ಪ ತಳದ ಬಾಣಲೆಯಲ್ಲಿ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಹುರಿಯಿರಿ. ಎರಡು ನಿಮಿಷ ಏನೂ ಆಗುವುದಿಲ್ಲ. ಉರಿ ಜೋರು ಮಾಡೋ ಮನಸ್ಸಾಗುತ್ತದೆ, ಮಾಡಬೇಡಿ. ಆಮೇಲೆ ಒಂದೊಂದೇ ಕಾಳು ಚಟ್ ಅಂತ ಸಿಡಿದು ಹಾರುತ್ತದೆ. ಎಳ್ಳು ಹುರಿಯುವಾಗ ಮಾಡುವ ಹಾಗೆ ಅರ್ಧ ಮುಚ್ಚಿಕೊಂಡು ಕೈಯಾಡಿಸಿ. ಕಡಲೆಕಾಯಿ ಬೀಜ ಹುರಿದಂಥ ಪರಿಮಳ ಬಂದ ಕೂಡಲೇ ತಟ್ಟೆಗೆ ಸುರಿಯಿರಿ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಅಲ್ಲೇ ಸೀದು ಹೋಗುತ್ತದೆ.

3. ಅದೇ ಬಾಣಲೆಯಲ್ಲಿ ಜೀರಿಗೆ, ಮೆಣಸಿನಕಾಯಿ ಬೆಚ್ಚಗೆ ಮಾಡಿಕೊಳ್ಳಿ.

4. ಆರಿದ ಬೀಜವನ್ನು ಮೊದಲು ಒಣದಾಗಿಯೇ ಪುಡಿ ಮಾಡಿ. ಇದೇ ಮುಖ್ಯ. ನೀರು ಹಾಕಿ ತಿರುವಿದರೆ ಸಿಪ್ಪೆ ಮಿಕ್ಸಿಯಲ್ಲಿ ಜಾರಿಕೊಂಡು ಓಡಾಡುತ್ತದೆಯೇ ಹೊರತು ಒಡೆಯುವುದಿಲ್ಲ. ಜರಡಿ ಹಿಡಿದು, ಮೇಲೆ ಉಳಿದ ತರಿಯನ್ನು ಇನ್ನೊಂದು ಸುತ್ತು ತಿರುವಿ.

5. ಈಗ ಜೀರಿಗೆ, ಮೆಣಸಿನಕಾಯಿ, ಸೊಪ್ಪು, ಉಪ್ಪು, ಸ್ವಲ್ಪ ನೀರು ಹಾಕಿ ನುಣ್ಣಗೆ ರುಬ್ಬಿ. ಬೂದುಹಸಿರು ಬಣ್ಣದ ಗಟ್ಟಿ ಚಟ್ನಿ ಬರುತ್ತದೆ. ನಿಂಬೆರಸ ಕೊನೆಗೆ, ಧಾರಾಳವಾಗಿ. ಬೆಟ್ಟದ ನಿಂಬೆ ನಮ್ಮದಕ್ಕಿಂತ ತುಂಬಾ ದೊಡ್ಡದು. ಹುಳಿ ಮುಂದೆ ನಿಂತರೇ ಈ ಚಟ್ನಿಗೆ ರುಚಿ.

ಆಲೂಗಡ್ಡೆ ಬೇಡ ಅನ್ನುವವರು ಬೇಯಿಸಿದ ಮೊಟ್ಟೆ, ಪನೀರ್, ಸೌತೆಕಾಯಿ ಹೋಳಿನ ಜೊತೆ ತಿನ್ನಬಹುದು. ಗಟ್ಟಿ ಮೊಸರಿಗೆ ಒಂದು ಚಮಚ ಕಲಸಿದರೆ ಒಗ್ಗರಣೆ ಇಲ್ಲದ ಮೊಸರು ಬಜ್ಜಿ ಆಯಿತು.

ನಮ್ಮ ಚಟ್ನಿಪುಡಿ

ಹುಚ್ಚೆಳ್ಳು ಪುಡಿಯ ಲೆಕ್ಕವೇ. ಒಂದು ಕಪ್ ಹುರಿದ ಇಡೀ ಬೀಜಕ್ಕೆ ಎಂಟು ಬ್ಯಾಡಗಿ ಮೆಣಸಿನಕಾಯಿ, ಐದಾರು ಎಸಳು ಬೆಳ್ಳುಳ್ಳಿ, ಗರಿಗರಿಯಾಗಿ ಹುರಿದ ಕರಿಬೇವು, ಗೋಲಿಯಷ್ಟು ಹುಣಸೆಹಣ್ಣು, ಉಪ್ಪು. ಇಲ್ಲೂ ಬೀಜ ಮೊದಲು, ಉಳಿದದ್ದು ಆಮೇಲೆ. ಮಿಕ್ಸಿಯನ್ನು ಒಂದೇ ಸಮನೆ ಓಡಿಸಬೇಡಿ. ನಿಲ್ಲಿಸಿ ನಿಲ್ಲಿಸಿ ತಿರುವಿ, ಇಲ್ಲದಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಮುದ್ದೆಯಾದರೂ ಚಿಂತೆಯಿಲ್ಲ, ಅದನ್ನೇ ಬದನೆಕಾಯಿ ಎಣ್ಣೆಗಾಯಿಯೊಳಗೆ ತುಂಬಿ. ಶೇಂಗಾ ಪುಡಿಯ ಜಾಗದಲ್ಲಿ ಚೆನ್ನಾಗಿ ಕೂರುತ್ತದೆ. ಹುಣಸೆಹಣ್ಣಿನ ಪಕ್ಕ ಚೂರು ಬೆಲ್ಲ ಹಾಕೋ ಅಭ್ಯಾಸ ಇದ್ದರೆ, ಕಾರ್ಬ್ ಲೆಕ್ಕ ಇಡುವವರು ಬಿಟ್ಟುಬಿಡಿ.

ಸಿಪ್ಪೆ ತೆಗೆದದ್ದನ್ನು ಏನು ಮಾಡೋದು

ಏನೂ ಮಾಡದಿರುವುದೇ ಸರಿ, ಸುಮ್ನೆ ಉದುರಿಸಿ. ಹುರುಳಿಕಾಯಿ ಪಲ್ಯ ಇಳಿಸಿದ ಮೇಲೆ ತೆಂಗಿನತುರಿ ಹಾಕುವ ಹಾಗೆ ಎರಡು ಚಮಚ. ಹೆಸರುಬೇಳೆ ಕೋಸಂಬರಿಗೂ ಅಷ್ಟೇ. ಕೋಸಂಬರಿಗೆ ಹಾಕೋದರಲ್ಲಿ ಇನ್ನೊಂದು ಲಾಭ ಇದೆ. ಈ ಬೀಜದ ಪ್ರೋಟೀನ್‌ನಲ್ಲಿ ಲೈಸಿನ್ ಅನ್ನೋ ಅಂಶ ಸ್ವಲ್ಪ ಕಡಿಮೆ, ಬೇಳೆಯಲ್ಲಿ ಅದು ಜಾಸ್ತಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಹಾಲು ಮಾಡೋದಂತೂ ಬಾದಾಮಿಗಿಂತ ಸುಲಭ. ನೆನೆಸೋದು, ಸುಲಿಯೋದು ಏನಿಲ್ಲ. ಕಾಲು ಕಪ್ ಹಾರ್ಟ್ಸ್, ಒಂದೂವರೆ ಕಪ್ ನೀರು, ಮಿಕ್ಸಿಯಲ್ಲಿ ಒಂದು ನಿಮಿಷ. ಸೋಸಲೂ ಬೇಕಿಲ್ಲ. ಕಾಫಿಗೆ ನನಗಂತೂ ಹಿಡಿಸಲಿಲ್ಲ, ಹುಲ್ಲಿನ ವಾಸನೆ ಬರುತ್ತದೆ. ಅಡುಗೆಗೆ ಚೆಂದ. ಕುಮಾವೂಂನಲ್ಲಿ ಇಡೀ ಬೀಜ ರುಬ್ಬಿ, ಸೋಸಿ, ಆ ರಸವನ್ನು ಕೆಸುವಿನ ಗೆಡ್ಡೆಯ ಸಾರಿಗೆ ಹಾಕುತ್ತಾರೆ. ಗೆಡ್ಡೆಯಲ್ಲಿ ಪಿಷ್ಟ ಜಾಸ್ತಿ ಅಲ್ವಾ? ಹಾಗಾಗಿ ನಾನು ಸೋರೆಕಾಯಿ, ಸೀಮೆಬದನೆಗೆ ಹಾಕುತ್ತೇನೆ. ತರಕಾರಿ ಬೆಂದ ಮೇಲೆ ಹಾಲು ಸುರಿದು, ಕುದಿ ಬರುವ ಮೊದಲೇ ಇಳಿಸಿ. ತಳಮಳ ಕುದಿಸಿದರೆ ಒಡೆಯುತ್ತದೆ.

ಹೆಂಪ್ ಹಿಟ್ಟೂ ಸಿಗುತ್ತದೆ. ಅದರ ರೊಟ್ಟಿ ತಟ್ಟಲು ಹೋಗಿ ಕೈಬಿಟ್ಟೆ. ಅಂಟಿಲ್ಲ, ಬಿರಿಯುತ್ತದೆ. ಬೀಜದ ಎಣ್ಣೆ ತಂದರೆ ಒಗ್ಗರಣೆಗೆ ಬಳಸಬೇಡಿ, ಬೇಗ ಹೊಗೆಯಾಡುತ್ತದೆ. ಆರಿದ ಅಡುಗೆಯ ಮೇಲೆ ಹನಿಸಿಕೊಳ್ಳಲು ಸರಿ.

ಮೊದಲ ವಾರ ದಿನಕ್ಕೆ ಒಂದೇ ಚಮಚ ತಿನ್ನಿ. ನಾರು, ಕೊಬ್ಬು ಎರಡೂ ಇರುವುದರಿಂದ ಕೆಲವರಿಗೆ ಹೊಟ್ಟೆ ಸಡಿಲವಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಬಸುರಿಯರು, ಬಾಣಂತಿಯರು ಡಾಕ್ಟರನ್ನು ಕೇಳಿಯೇ ತಿನ್ನಬೇಕು.

ಸಿಪ್ಪೆ ತೆಗೆದ ಬೀಜ ಗಾಳಿ, ಬಿಸಿಗೆ ಬೇಗ ಮುಗ್ಗಲು ಹಿಡಿಯುತ್ತದೆ. ಪೊಟ್ಟಣ ಒಡೆದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಸುರಿದು ಫ್ರಿಜ್ಜಿನಲ್ಲಿಡಿ. ತೆರೆದಾಗ ಹಳೇ ಎಣ್ಣೆಯ ವಾಸನೆ ಬಂದರೆ ದುಡ್ಡಿನ ಮುಖ ನೋಡದೆ ಎಸೆದುಬಿಡಿ. ಡಬ್ಬಿ ಮೇಲೆ ತಂದ ತಾರೀಖು, ಹೆಸರು ಬರೆದ ಚೀಟಿ ಅಂಟಿಸುವುದು ಒಳ್ಳೆಯದು. ನಮ್ಮನೆ ಡಬ್ಬಿಯ ಚೀಟಿ ಅತ್ತೆಯ ಕೈಬರಹದಲ್ಲಿದೆ. ತಾರೀಖು ಸರಿಯಾಗಿದೆ, ಹೆಸರು ಮಾತ್ರ 'ಬಿಳಿ ಎಳ್ಳು'. ಬಂದವರು ಫ್ರಿಜ್ ತೆಗೆದರೆ ಏನಂದುಕೊಂಡಾರು ಅಂತ.