ಶಿಲ್ಕೋ, ಅಮಾನತೋ, ಕೊಟ್ಟ ಸಾಲವೋ?

ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರಿಗಳ ಕಿರ್ದಿ ಬರೆಯುವುದು ನನ್ನ ಕಸುಬು. ರಂಜಾನ್ ಬಂತೆಂದರೆ ಅದೇ ಮನೆಗಳ ಝಕಾತ್ (ಸಂಪತ್ತಿನಿಂದ ವರ್ಷಕ್ಕೊಮ್ಮೆ ಕೊಡಲೇಬೇಕಾದ ದಾನದ ಪಾಲು) ಲೆಕ್ಕವೂ ನನ್ನ ಕೈಗೇ ಬರುತ್ತದೆ. ಕಳೆದ ರಂಜಾನಿನಲ್ಲಿ ಒಬ್ಬ ವ್ಯಾಪಾರಿಯ ಮಗ ಮೊಬೈಲ್ ಮುಂದೆ ಹಿಡಿದು, ‘ಇದರಲ್ಲಿ ಯುಎಸ್‌ಡಿಸಿ ಇದೆ. ಇದಕ್ಕೂ ಝಕಾತ್ ಉಂಟೇ? ಇಟ್ಟುಕೊಳ್ಳುವುದೇ ತಪ್ಪೇ?’ ಎಂದು ಕೇಳಿದ. ಅದು ಅಮೆರಿಕದ ಸರ್ಕಲ್ ಕಂಪನಿ ಹೊರಡಿಸುವ, ಡಾಲರ್ ಬೆಲೆಗೆ ಕಟ್ಟಿದ ಡಿಜಿಟಲ್ ನಾಣ್ಯ. ಮುಟ್ಟಿ ನೋಡದ ಸರಕಿನ ಲೆಕ್ಕ ನಾನು ಬರೆಯುವುದಿಲ್ಲ. ನಮ್ಮ ದೇಶದಲ್ಲಿ ನೋಂದಣಿಯಾದ ವಿನಿಮಯ ಕೇಂದ್ರವೊಂದರಲ್ಲಿ ಐದು ಸಾವಿರ ರೂಪಾಯಿಗೆ ನಾನೇ ಕೊಂಡು, ಕಿರ್ದಿಯಲ್ಲಿ ‘ರೋಖ ಶಿಲ್ಕು’, ಅಂದರೆ ಕೈಯಲ್ಲಿರುವ ನಗದು ಎಂದು ಬರೆದೆ.

ಒಂದು ನಾಣ್ಯಕ್ಕೆ ಒಂದು ಡಾಲರ್ ಎಂದ ಮೇಲೆ ಅದು ರೋಖವೇ ಎಂದುಕೊಂಡಿದ್ದೆ. ಆದರೆ 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಈ ನಾಣ್ಯದ 330 ಕೋಟಿ ಡಾಲರ್ ಅಲ್ಲಿ ಸಿಕ್ಕಿಕೊಂಡು, ಬೆಲೆ ಸುಮಾರು 88 ಸೆಂಟ್‌ಗೆ ಇಳಿದಿತ್ತು. ಪೆಟ್ಟಿಗೆಯಲ್ಲಿರುವ ನೋಟು ಹಾಗೆ ಇಳಿಯುವುದಿಲ್ಲ. ಶಿಲ್ಕು ಎಂಬುದನ್ನು ಹೊಡೆದು ‘ಅಮಾನತು’, ಅಂದರೆ ಕಾಪಾಡಲು ಇನ್ನೊಬ್ಬರ ಬಳಿ ಇಟ್ಟದ್ದು ಎಂದು ತಿದ್ದಿದೆ.

ಅದೂ ನಿಲ್ಲಲಿಲ್ಲ. ರಂಜಾನಿನ ರಾತ್ರಿಯ ತರಾವೀಹ್ ನಮಾಜು ಮುಗಿಸಿ ಬಂದು ಸರ್ಕಲ್ ಕಂಪನಿಯ ಮೀಸಲು ನಿಧಿಯ ವರದಿ ಓದಲು ಕೂತೆ. ಹಣದ ಹೆಚ್ಚಿನ ಪಾಲು ಅಮೆರಿಕ ಸರ್ಕಾರದ ಅಲ್ಪಾವಧಿ ಸಾಲಪತ್ರಗಳಲ್ಲಿ ಮತ್ತು ಸಾಲಪತ್ರ ಒತ್ತೆ ಇಟ್ಟುಕೊಂಡು ಕೊಡುವ ಒಂದು ರಾತ್ರಿಯ ಅವಧಿಯ ರೆಪೋ ಸಾಲಗಳಲ್ಲಿದೆ. ಬಡ್ಡಿ ಕಂಪನಿಗೆ ಹೋಗುತ್ತದೆ, ನಾಣ್ಯ ಹಿಡಿದವರಿಗೆ ಇಲ್ಲ. 2025ರ ಜುಲೈಯಲ್ಲಿ ಬಂದ ಅಮೆರಿಕದ ಜೀನಿಯಸ್ ಕಾಯ್ದೆಯಂತೂ ನಾಣ್ಯ ಹೊರಡಿಸುವವರು ಹಿಡಿದವರಿಗೆ ಬಡ್ಡಿ ಕೊಡುವುದನ್ನೇ ನಿಷೇಧಿಸಿದೆ.

ನಮ್ಮ ಶೈತ್ಯಾಗಾರಗಳನ್ನೇ ನೋಡಿ. ನಾನಿಟ್ಟ ದ್ರಾಕ್ಷಿ ಚೀಲವನ್ನೇ ಮಾಲೀಕ ಮರಳಿ ಕೊಟ್ಟರೆ ಅದು ಅಮಾನತು. ‘ನಿನ್ನ ಮಾಲನ್ನು ನಾನು ದುಡಿಸಿಕೊಳ್ಳುತ್ತೇನೆ, ಕೇಳಿದಾಗ ಅಷ್ಟೇ ತೂಕ ಕೊಡುತ್ತೇನೆ’ ಎಂದರೆ ಅದು ಸಾಲ, ಅಂದರೆ ಕರ್ಜ್. ಹೆಚ್ಚು ಪಡೆಯದೆ ಸಾಲ ಕೊಡುವುದು ಪುಣ್ಯದ ಕೆಲಸ. ಆದರೆ ಪಡೆದವನು ಅದನ್ನು ಬಡ್ಡಿಗೆ ಹಚ್ಚುತ್ತಾನೆಂದು ಗೊತ್ತಿದ್ದೂ ಕೊಡುತ್ತಾ ಹೋದರೆ? ಉಲೇಮಾಗಳು ಇಲ್ಲಿ ಒಮ್ಮತಕ್ಕೆ ಬಂದಿಲ್ಲ. ನನ್ನ ಮನಸ್ಸು ಒಪ್ಪಿದ್ದು ಇಷ್ಟು: ಹಣ ದಾಟಿಸಲು ಇದನ್ನು ಬಳಸಬಹುದು, ಉಳಿತಾಯದ ಕಣಜವಾಗಿ ಅಲ್ಲ. ಇದು ಫತ್ವಾ ಅಲ್ಲ, ಲೆಕ್ಕ ಬರೆಯುವವನ ನಿಲುವು.

ಹುಡುಗನ ಮೊಬೈಲ್‌ನಲ್ಲಿ ಇನ್ನೊಂದು ಸಂಗತಿ ಕಂಡಿತು. ನಾಣ್ಯವನ್ನು ಅಲ್ಲೇ ಬಿಟ್ಟರೆ ವರ್ಷಕ್ಕೆ ಇಷ್ಟು ಪ್ರತಿಶತ ಎಂಬ ಯೋಜನೆಗೆ ಅವನು ಒಪ್ಪಿಗೆ ಕೊಟ್ಟುಬಿಟ್ಟಿದ್ದ. ‘ಬಹುಮಾನ’ ಎಂದು ಹೆಸರಿಟ್ಟರೂ ಅದು ರಿಬಾ, ಅಂದರೆ ನಿಷಿದ್ಧ ಬಡ್ಡಿ. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಅದನ್ನು ಮುಚ್ಚಿಸಿ, ಕೂಡಿದ ಹೆಚ್ಚುವರಿಯನ್ನು ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಡಲು ಹೇಳಿದೆ. ಕೊಟ್ಟ.

ನನ್ನ ಪಾಲಿನದನ್ನು ಮಾರಿದೆ. ಕೈಯಿಂದ ಕೈಗೆ ಎಂಬ ಸರ್ಫ್ (ಹಣಕ್ಕೆ ಹಣ ಬದಲಿಸುವ) ನಿಯಮಕ್ಕಾಗಿ ವಾಯಿದೆಯಿಲ್ಲದೆ, ಆ ಕ್ಷಣದ ಬೆಲೆಗೆ. ಮಾರಾಟದ ಮೊತ್ತದಲ್ಲಿ ಶೇಕಡ 1 ಟಿಡಿಎಸ್ ಹಿಡಿದರು. ಲಾಭವಾಗಿದ್ದರೆ ಅದರ ಮೇಲೆ ಶೇಕಡ 30 ತೆರಿಗೆ.

ಝಕಾತಿಗೆ ಯಾವ ದರ ಹಿಡಿಯುವುದು ಎಂಬ ಪ್ರಶ್ನೆ ಉಳಿದಿತ್ತು. ಬ್ಯಾಂಕಿನ ಡಾಲರ್ ದರಕ್ಕೂ ಪರದೆಯ ಮೇಲಿನ ದರಕ್ಕೂ ಅಂತರವಿತ್ತು. ವರ್ಷ ತುಂಬಿದ ದಿನ ಮಾರಿದರೆ ಕೈಗೆ ಎಷ್ಟು ಬರುತ್ತದೋ ಅದನ್ನೇ ಹಿಡಿದೆ. ಮರಳಿ ಬರುವ ಭರವಸೆಯಿರುವ ಸಾಲಕ್ಕೂ ಝಕಾತ್ ಇದೆ. ಹುಡುಗನ ಪುಸ್ತಕದಲ್ಲಿ ‘ಕೊಟ್ಟ ಸಾಲ’ ಎಂದು ಬರೆದು, ಅವನೆದುರೇ ನಲವತ್ತರಲ್ಲಿ ಒಂದು ಪಾಲು ಎಣಿಸಿ ತೆಗೆದಿಟ್ಟೆ.