ತೋಟದ ಕುತ್ತಿ ತೆಗೆದದ್ದು: ಎಳೆದೊಯ್ಯುವ ಚಿಕ್ಕ ಬ್ಯಾಕ್‌ಹೋ ಜೊತೆ ನನ್ನ ಅನುಭವ

ನಮ್ಮ ತೋಟ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಕೆಳಗಿಳಿದರೆ ಸಿಗುತ್ತದೆ. ಮೇಲೆ ಗುಡ್ಡೆ, ಅಲ್ಲಿ ಗೇರು. ಕೆಳಗೆ ತೋಡು, ಅಂದರೆ ಸಣ್ಣ ಹಳ್ಳ. ನಡುವೆ ಕಂಗು (ಅಡಿಕೆ ಮರ), ತೆಂಗು. ಎರಡು ವರ್ಷದ ಹಿಂದೆ ಹಳೆಯ ಮರಗಳನ್ನು ಕಡಿಸಿದೆವು. ಮರದವರು ಬಂದರು, ಕಡಿದರು, ಲಾರಿಗೆ ಹೇರಿಕೊಂಡು ಹೋದರು. ಕುತ್ತಿಗಳು ಉಳಿದವು. ಕುತ್ತಿ ಅಂದರೆ ಮರ ಕಡಿದ ಮೇಲೆ ಮಣ್ಣಲ್ಲಿ ಉಳಿಯುವ ಬುಡ, ಬೇರೆ ಕಡೆ ಬೊಡ್ಡೆ, ಮೋಟು ಅಂತಾರೆ. ಎಣಿಸಿದರೆ ಒಟ್ಟು 31. ತೆಂಗು 11, ಕಂಗು 14, ಗೇರು 4, ಹಲಸು 2.

ಸುಮ್ನೆ ಬಿಟ್ಟರೆ ತಾನೇ ಕುಂಬಾಗಿ (ಕೊಳೆತು ಟೊಳ್ಳಾಗಿ) ಹೋಗುತ್ತದೆ ಅಂತ ಹೇಳಿದವರು ಇದ್ದಾರೆ. ಹೋಗುತ್ತದೆ, ನಿಜ. ಆದರೆ ಕೊಳೆಯುವ ತೆಂಗಿನ ಕುತ್ತಿಯೊಳಗೆ ಕುರುವಾಯಿ ದುಂಬಿ ಮೊಟ್ಟೆ ಇಡುತ್ತದೆ. ಆ ದುಂಬಿ ಹೋಗಿ ಕೊರೆಯುವುದು ಪಕ್ಕದ ಎಳೆ ತೆಂಗಿನ ಸುಳಿಯನ್ನು. ಕಂಗಿನದ್ದು ಇನ್ನೂ ಕಷ್ಟ. ನಮ್ಮ 14 ಕಂಗುಗಳಲ್ಲಿ 5 ಸತ್ತದ್ದು ಅಣಬೆ ರೋಗದಿಂದ. ಬುಡದಲ್ಲಿ ಕಂದು ಬಣ್ಣದ ಗಟ್ಟಿ ಅಣಬೆ ಎದ್ದಿತ್ತು. ಆ ರೋಗ ಬೇರಿನಿಂದ ಬೇರಿಗೆ ದಾಟುತ್ತದೆ. ಕುತ್ತಿಯನ್ನು ಅಲ್ಲೇ ಬಿಟ್ಟರೆ ರೋಗವನ್ನು ತೋಟದಲ್ಲೇ ಸಾಕಿದ ಹಾಗೆ. ಹಾಗಾಗಿ ತೆಗೆಯಲೇಬೇಕು ಅಂತ ತೀರ್ಮಾನ ಮಾಡಿದೆವು.

ಜೆಸಿಬಿ ಯಾಕೆ ಕರೆಸಲಿಲ್ಲ ಅಂತ ತುಂಬ ಜನ ಕೇಳಿದರು. ನಮ್ಮ ಕಂಗು ನೆಟ್ಟಿರುವುದು 9 ಅಡಿ ಅಂತರದಲ್ಲಿ. ಜೆಸಿಬಿಯ ಅಗಲವೇ 7 ಅಡಿಗಿಂತ ಜಾಸ್ತಿ, ತೂಕ 7 ಟನ್ನಿಗೂ ಮೇಲೆ. ಎರಡು ಸಾಲಿನ ನಡುವೆ ಅದನ್ನು ತಂದರೆ ಒಂದು ಕುತ್ತಿ ತೆಗೆಯುವಷ್ಟರಲ್ಲಿ ಹತ್ತು ಮರದ ಬೇರು ಮೆಟ್ಟಿ ಹೋಗುತ್ತದೆ, ಕಣಿಗಳ (ನೀರು ಹೋಗುವ ಚರಂಡಿಗಳ) ಬದಿ ಕುಸಿಯುತ್ತದೆ. ಗುಡ್ಡೆಯ ಗೇರಿಗೆ ಬೇಕಾದರೆ ತರಬಹುದಿತ್ತು. ಆದರೆ ಅಲ್ಲಿಗೆ ದಾರಿ ಮಾಡಲು ಬರೆ (ಗುಡ್ಡೆಯ ಕಡಿದಾದ ಬದಿ) ಕಡಿಯಬೇಕು. ಕಡಿದ ಬರೆ ಮಳೆಗಾಲದಲ್ಲಿ ಜರಿಯದೆ ಇರುತ್ತದಾ?

ನನ್ನ ಭಾವ ಒಬ್ಬರು ಪೈಪ್ ಹಾಕುವ ಕೆಲಸಕ್ಕೆ ಅಂತ ಒಂದು ಚಿಕ್ಕ ಬ್ಯಾಕ್‌ಹೋ, ಅಂದರೆ ಮಣ್ಣು ತೋಡುವ ಮೆಷಿನ್, ತೆಗೆದುಕೊಂಡಿದ್ದರು. ಎರಡು ಚಕ್ರ, 13 ಎಚ್‌ಪಿ ಪೆಟ್ರೋಲ್ ಎಂಜಿನ್, ಒಂದು ಸೀಟು, ಮುಂದೆ ಬೂಮ್ (ಉದ್ದದ ತೋಳು), ಅದರ ತುದಿಗೆ 1 ಅಡಿ ಅಗಲದ ಬಕೆಟ್. ಒಟ್ಟು ತೂಕ ಸುಮಾರು 600 ಕಿಲೋ. ತಾನಾಗಿ ಓಡುವುದಿಲ್ಲ. ಜೀಪಿನ ಹಿಂದೆ ಕಟ್ಟಿ ಎಳೆದು ತರಬೇಕು. ಕೆಲಸದ ಜಾಗಕ್ಕೆ ಬಂದ ಮೇಲೆ ಜಾಕ್ ಕಾಲುಗಳನ್ನು ಎತ್ತಿ, ಬಕೆಟನ್ನು ನೆಲಕ್ಕೆ ಊರಿ, ತನ್ನನ್ನು ತಾನೇ ಎಳೆದುಕೊಂಡೋ ದೂಡಿಕೊಂಡೋ ನಾಲ್ಕು ಅಡಿ ಆಚೆ ಈಚೆ ಹೋಗುತ್ತದೆ. "ಬೇಕಾದಷ್ಟು ದಿನ ಇಟ್ಟುಕೋ ಭಾವ, ಗ್ರೀಸ್ ಮಾತ್ರ ಮರೆಯಬೇಡ" ಅಂದರು.

ಮೊದಲು ಹೋದದ್ದು ಗುಡ್ಡೆಯ ಗೇರಿಗೆ, ಅಲ್ಲಿ ಜಾಗ ಜಾಸ್ತಿ ಇತ್ತು. ಮರದವರು ಅದನ್ನು ನೆಲಕ್ಕೆ ಸಮ ಕಡಿದಿದ್ದರು. ಬಕೆಟಿನ ಹಲ್ಲನ್ನು ಒಂದು ಬೇರಿನ ಅಡಿಗೆ ಕೊಟ್ಟು ಲಿವರ್ ಎಳೆದೆ. ಕುತ್ತಿ ಅಲ್ಲಾಡಲಿಲ್ಲ. ಮೆಷಿನ್ನಿನ ಹಿಂಭಾಗ ಎದ್ದಿತು. ಇನ್ನೊಮ್ಮೆ ಎಳೆದರೆ ಇಡೀ ಮೆಷಿನ್ ಜಾರಿ ಕುತ್ತಿಯ ಹತ್ತಿರ ಬಂತು. ಎಂಜಿನ್ ನರಳುತ್ತದೆ, ಆಯಿಲಿನ ಒತ್ತಡ ಮಿತಿಮೀರಿದಾಗ ತೆರೆಯುವ ರಿಲೀಫ್ ವಾಲ್ವ್ ಕೀಂ ಅಂತ ಕೂಗುತ್ತದೆ, ಆಯಿಲ್ ಬಿಸಿಯಾಗುತ್ತದೆ. ಆ ದಿನ ಸಂಜೆವರೆಗೆ ಕುತ್ತಿ ಬರಲಿಲ್ಲ.

ಮರುದಿನ ನಮ್ಮಲ್ಲಿ ತುಂಬ ವರ್ಷದಿಂದ ಕೆಲಸಕ್ಕೆ ಬರುವ ಅಣ್ಣ ನೋಡಿ ಹೇಳಿದರು, "ಕುತ್ತಿಯನ್ನು ಎಳೆಯುವುದು ಯಾಕೆ? ಮಣ್ಣು ತೆಗೆಯಿರಿ. ಬೇರು ಕಂಡರೆ ನಾನು ಕಡಿಯುತ್ತೇನೆ." ಪಿಕ್ಕಾಸು, ಕೊಡಲಿ ಹಿಡಿದು ಕುತ್ತಿ ತೆಗೆಯುತ್ತಿದ್ದ ಕಾಲದಲ್ಲೂ ಹೀಗೇ ಮಾಡುತ್ತಿದ್ದದ್ದಲ್ವಾ? ಅಲ್ಲಿಂದ ಮುಂದೆ ನಾವು ಮಾಡಿದ್ದು ಅದನ್ನೇ. 600 ಕಿಲೋದ ಮೆಷಿನ್ ಮರದೊಂದಿಗೆ ಬಲ ತೋರಿಸಲು ಆಗುವುದಿಲ್ಲ. ಮಣ್ಣು ತೆಗೆಯಲು ಆಗುತ್ತದೆ, ಅದೂ ಮನುಷ್ಯನ ಹತ್ತರಷ್ಟು ಬೇಗ.

ಗೇರಿನ ಬೇರು ಅಡ್ಡಕ್ಕೆ ದೂರ ಹರಡುತ್ತದೆ. ಕುತ್ತಿಯಿಂದ 3 ಅಡಿ ಬಿಟ್ಟು ಸುತ್ತಲೂ ಕಣಿ ತೋಡಿದೆ. ಒಂದೂವರೆ ಅಡಿ ಹೋಗುವಷ್ಟರಲ್ಲಿ ತೋಳಿನ ದಪ್ಪದ ಬೇರುಗಳು ಸಿಕ್ಕವು. ಸಪುರ ಬೇರನ್ನು ಬಕೆಟಿನ ಹಲ್ಲೇ ಹರಿಯುತ್ತದೆ. ದಪ್ಪದ್ದಾದರೆ ಬೂಮ್ ಎತ್ತಿ ಹರಿಯಲು ನೋಡಬಾರದು, ಬಕೆಟನ್ನು ಮಡಚಬೇಕು. ಈ ಮೆಷಿನ್ನಿನಲ್ಲಿ ಜಾಸ್ತಿ ಬಲ ಬರುವುದು ಬಕೆಟ್ ಮಡಚುವ ಸಿಲಿಂಡರ್‌ನಲ್ಲಿ. ಅದಕ್ಕೂ ಹರಿಯದಿದ್ದರೆ ವಾಲ್ವ್ ಕೂಗುವ ಮೊದಲೇ ಕೈಬಿಟ್ಟು, ಎಂಜಿನ್ ನಿಲ್ಲಿಸಿ, ಅಣ್ಣ ಗುಂಡಿಗೆ ಇಳಿದು ಕಡಿಯುವುದು. ಎಂಜಿನ್ ಓಡುತ್ತಿರುವಾಗ ಯಾರೂ ಗುಂಡಿಯಲ್ಲಿ ಇರಬಾರದು. ಇದನ್ನು ನಾವು ಒಂದು ಸಲವೂ ಬಿಟ್ಟುಕೊಡಲಿಲ್ಲ. ಕೂತವನ ಕೈ ತಾಗಿ ಲಿವರ್ ಸ್ವಲ್ಪ ಅಲುಗಿದರೂ ಬೂಮ್ ತಿರುಗುತ್ತದೆ.

ಮಣ್ಣು ಅಂಟಿದ ಬೇರಿಗೆ ಚೈನ್‌ಸಾ ಹಿಡಿದರೆ ಎರಡು ನಿಮಿಷದಲ್ಲಿ ಚೈನ್ ಮೊಂಡಾಗುತ್ತದೆ. ಇದಕ್ಕೆ ನಮಗೆ ಸಹಾಯ ಆದದ್ದು ನೀರು. ತೋಟದಲ್ಲಿ ಪಂಪೂ ಇದೆ, ಸ್ಪ್ರಿಂಕ್ಲರ್ ಪೈಪೂ ಇದೆ. ಪೈಪಿನ ತುದಿಗೆ ಸಪುರ ಜೆಟ್ ಹಾಕಿ ಬೇರಿನ ಮೇಲೆ ಬಿಟ್ಟರೆ ಮಣ್ಣು ಪೂರ್ತಿ ತೊಳೆದು ಹೋಗಿ ಬೇರು ಬೆಳ್ಳಗೆ ಕಾಣುತ್ತದೆ. ಆಮೇಲೆ ಚೈನ್‌ಸಾ ಹಿಡಿದರೆ ಬೆಣ್ಣೆ ಕಡಿದ ಹಾಗೆ. ಒಂದು ಎಚ್ಚರ, ಜಾಕ್ ಕಾಲು ಊರುವ ಜಾಗಕ್ಕೆ ಆ ನೀರು ಹೋಗಬಾರದು. ಹೋದರೆ ಕಾಲು ಹೂತು ಮೆಷಿನ್ ವಾಲುತ್ತದೆ. ನಾವು ಕಾಲಿನ ಅಡಿಗೆ ಯಾವಾಗಲೂ ದಪ್ಪ ಹಲಗೆ ಹಾಕುತ್ತಿದ್ದೆವು. ಗುಡ್ಡೆಯ ಇಳಿಜಾರಿನಲ್ಲಿ ಮೆಷಿನ್ನನ್ನು ಕುತ್ತಿಯ ಮೇಲುಬದಿಗೆ ನಿಲ್ಲಿಸಿ, ಹಿಂದಿನಿಂದ ಒಂದು ಗಟ್ಟಿ ಮರಕ್ಕೆ ಸರಪಳಿ ಕಟ್ಟಿದೆವು. ಮರ ಸಿಗದ ಕಡೆ ಜೀಪಿಗೆ ಕಟ್ಟಿದೆವು. ಜೀಪನ್ನು ಕುತ್ತಿಗೆ ಕಟ್ಟಿ ಜಗ್ಗುವುದನ್ನು ಮಾತ್ರ ಮಾಡಲೇ ಇಲ್ಲ. ಸರಪಳಿ ತುಂಡಾದರೆ ಎದುರಿಗಿದ್ದವರ ಗತಿ ಏನು?

ಎರಡನೆಯ ಗೇರಿನಿಂದ ಮೂರುವರೆ ಗಂಟೆಗೆ ಒಂದು ಕುತ್ತಿ ಬರತೊಡಗಿತು.

ತೆಂಗು ನಿಜವಾಗಿ ಸುಲಭ. ಅದಕ್ಕೆ ತಾಯಿಬೇರೇ ಇಲ್ಲ. ಬೆರಳಿನ ದಪ್ಪದ ಸಾವಿರಾರು ಬೇರು ಬುಡದಿಂದ ಸುತ್ತಲೂ ಹೊರಡುತ್ತದೆ, ಅದರಲ್ಲಿ ಹೆಚ್ಚಿನವು 2 ಮೀಟರ್ ಒಳಗೇ ಇರುತ್ತವೆ. ಅದೃಷ್ಟಕ್ಕೆ ತೆಂಗನ್ನು ಮಾತ್ರ 4 ಅಡಿ ಎತ್ತರ ಬಿಟ್ಟು ಕಡಿದಿದ್ದರು. ಇದು ದೊಡ್ಡ ಉಪಕಾರ. ಸುತ್ತ 3 ಅಡಿ ಆಳ ತೋಡಿ, ಬಕೆಟನ್ನು ಕುತ್ತಿಯ ತುದಿಗೆ ಒತ್ತಿ ಮೆಲ್ಲ ದೂಡಿದರೆ ಆಚೆ ಬದಿಯ ಬೇರುಗಳು ಪಟಪಟ ಅಂತ ಹರಿಯುವುದು ಕೇಳಿಸುತ್ತದೆ. ಒಂದಕ್ಕೆ ಮುಕ್ಕಾಲು ಗಂಟೆ ಸಾಕಾಯಿತು. ಮರ ಕಡಿಸುವವರಿಗೆ ನಾನು ಈಗ ಮೊದಲು ಹೇಳುವ ಮಾತೇ ಇದು: ಕುತ್ತಿ ತೆಗೆಯುವ ಯೋಚನೆ ಇದ್ದರೆ 4 ಅಡಿ ಬಿಡಿಸಿ, ಒಂದು ತುಂಡು ಮರದ ಆಸೆಗೆ ನೆಲಕ್ಕೆ ಸಮ ಕಡಿಸಬೇಡಿ. ಮೂರು ತೆಂಗಿನ ಕುತ್ತಿ ಒಳಗೆ ಪೂರ್ತಿ ಕುಂಬಾಗಿತ್ತು. ಒಡೆದರೆ ಹೆಬ್ಬೆರಳಿನಷ್ಟು ದಪ್ಪದ ಬಿಳಿ ಕುರುವಾಯಿ ಹುಳಗಳು. ಒಂದರಲ್ಲೇ ನಲವತ್ತಕ್ಕಿಂತ ಜಾಸ್ತಿ. ಅಮ್ಮ ಕೋಳಿಗಳನ್ನು ಅಲ್ಲಿಗೇ ಬಿಟ್ಟರು.

ಕಂಗಿನ ಕುತ್ತಿ ಚಿಕ್ಕದು, ಹದಿನೈದು ನಿಮಿಷದ ಕೆಲಸ. ಆದರೆ ಅಲ್ಲಿ ಅವಸರ ಮಾಡಬಾರದು, ಪಕ್ಕದಲ್ಲೇ ಫಸಲು ಕೊಡುವ ಮರ ಇರುತ್ತದೆ. ಬೂಮ್ ತಿರುಗಿಸುವಾಗ ಅದರ ಕಾಂಡಕ್ಕೆ ತಾಗದ ಹಾಗೆ ಅಣ್ಣ ನಿಂತು ಕೈ ತೋರಿಸುತ್ತಿದ್ದರು. ಅಣಬೆ ರೋಗ ಬಂದ ಐದನ್ನು ಕೊನೆಗೆ ಇಟ್ಟುಕೊಂಡೆವು, ಆ ಮಣ್ಣು ಹಿಡಿದ ಬಕೆಟ್ ಬೇರೆ ಮರದ ಬುಡಕ್ಕೆ ಹೋಗಬಾರದು ಅಂತ. ಕುತ್ತಿ, ಬೇರು ಎಲ್ಲವನ್ನೂ ಹೆಕ್ಕಿ ಅಲ್ಲೇ ಒಣಗಿಸಿ ಸುಟ್ಟೆವು. ಸುತ್ತ 2 ಅಡಿ ಆಳ, 1 ಅಡಿ ಅಗಲದ ಕಣಿ ತೋಡಬೇಕು ಅನ್ನುವುದು ಈ ರೋಗಕ್ಕೆ ಹೇಳುವ ಕ್ರಮ. ನಮ್ಮ ಬಕೆಟಿನ ಅಗಲವೇ 1 ಅಡಿ. ಕೈಯಲ್ಲಿ ತೋಡಿದ್ದರೆ ಅರ್ಧ ದಿನ ಹಿಡಿಯುವುದು, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಆ ಜಾಗದಲ್ಲಿ ಮತ್ತೆ ಕಂಗು ನೆಟ್ಟಿಲ್ಲ. ಪಕ್ಕದ ಮರಗಳಿಗೆ ವರ್ಷಕ್ಕೆ 2 ಕಿಲೋ ಬೇವಿನ ಹಿಂಡಿ ಹಾಕುತ್ತಿದ್ದೇವೆ.

ಮಧ್ಯೆ ಒಂದು ದಿನ ಹೈಡ್ರಾಲಿಕ್ ಹೋಸಿನ ಹತ್ತಿರ ಆಯಿಲ್ ಮಂಜಿನ ಹಾಗೆ ಹಾರುತ್ತಿತ್ತು. ತೂತು ಎಲ್ಲಿದೆ ಅಂತ ಅಣ್ಣ ಕೈ ಇಡಲು ಹೊರಟರು. ನಾನು ಕೂಗಿ ತಡೆದೆ. ಆ ಒತ್ತಡದ ಆಯಿಲ್ ಚರ್ಮವನ್ನೇ ತೂತು ಮಾಡಿ ಒಳಗೆ ಹೋಗುತ್ತದೆ, ಹೊರಗೆ ಸೂಜಿ ಚುಚ್ಚಿದಷ್ಟು ಗಾಯ ಕಂಡರೂ ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಎಂಜಿನ್ ನಿಲ್ಲಿಸಿ, ಬಕೆಟ್ ನೆಲಕ್ಕಿಳಿಸಿ, ಲಿವರ್‌ಗಳನ್ನು ಆಡಿಸಿ ಒತ್ತಡ ಬಿಟ್ಟು, ಆಮೇಲೆ ಹೋಸ್ ಬದಲಿಸಿದೆವು. ತೂತು ಹುಡುಕಲೇಬೇಕಾದರೆ ದೂರದಿಂದ ಒಂದು ರಟ್ಟಿನ ತುಂಡು ಹಿಡಿಯಿರಿ.

ಹಲಸಿನ ವಿಷಯ ಬೇರೆಯೇ. ಮನೆ ಹಿಂದಿನ ಹಲಸಿನ ಕುತ್ತಿಗೆ ಒಂದೂವರೆ ದಿನ ಹಿಡಿಯಿತು. ಮೆಷಿನ್ನನ್ನು ಐದು ಕಡೆ ನಿಲ್ಲಿಸಿ ತೋಡಿದೆವು. ಅಡ್ಡ ಬೇರುಗಳೆಲ್ಲ ಹೋದ ಮೇಲೂ ಅದು ಅಲ್ಲಾಡಲಿಲ್ಲ. 4 ಅಡಿ ಕೆಳಗೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಸಿಕ್ಕಿತು, ಬಕೆಟಿನ ಹಲ್ಲು ಅದರ ಮೇಲೆ ಗೀಚುತ್ತದೆ ಅಷ್ಟೇ. ತಾಯಿಬೇರು ಆ ಕಲ್ಲಿನ ಬಿರುಕಿನೊಳಗೆ ಇಳಿದಿತ್ತು. ನೀರು ಬಿಟ್ಟು ತೊಳೆದು ನೋಡಿದರೆ ಕಲ್ಲಿನ ಆಕಾರಕ್ಕೇ ಚಪ್ಪಟೆಯಾಗಿ ಬೆಳೆದಿದೆ. ಅಲ್ಲಿಗೇ ಕಡಿದೆವು, ಕೆಳಗಿನದ್ದನ್ನು ಬಿಟ್ಟೆವು. ಇನ್ನು ಗುಂಡಿಯಿಂದ ಹೊರಗೆ ತರುವುದು. ಎತ್ತಲು ಈ ಮೆಷಿನ್ನಿಂದ ಆಗದು. ಗುಂಡಿಯ ಒಂದು ಬದಿಯನ್ನು ಇಳಿಜಾರು ಮಾಡಿ, ಕುತ್ತಿಗೆ ಬೆಣೆ ಹೊಡೆದು ಎರಡು ತುಂಡು ಮಾಡಿ, ಒಂದೊಂದನ್ನೇ ಉರುಳಿಸುತ್ತಾ ಮೇಲೆ ತಂದೆವು. ಗುಂಡಿ ಮುಚ್ಚುವಾಗ ಒಂದೊಂದು ಅಡಿ ಮಣ್ಣು ಹಾಕಿ ಬಕೆಟಿನಲ್ಲಿ ಒತ್ತಿದೆವು. ಮೇಲೆ ಅರ್ಧ ಅಡಿ ಗುಡ್ಡ ಬಿಟ್ಟೆವು. ಒಂದು ಮಳೆಗಾಲ ಕಳೆದಾಗ ನೆಲಕ್ಕೆ ಸಮ ಆಗಿತ್ತು.

ಇದೆಲ್ಲ ಮಾಡಿದ್ದು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ಮುಗಿದ ಮೇಲಿನ ಮೂರು ವಾರಗಳಲ್ಲಿ. ಆಗ ಮಣ್ಣು ಮೆತ್ತಗಿರುತ್ತದೆ, ಕೆಸರು ಇರುವುದಿಲ್ಲ. ಬೇಸಗೆಯಲ್ಲಿ ನಮ್ಮ ಕೆಂಪು ಮಣ್ಣು ಕಲ್ಲಿನ ಹಾಗೆ ಆಗುತ್ತದೆ. ಪೆಟ್ರೋಲ್ ಗಂಟೆಗೆ ಹೆಚ್ಚುಕಮ್ಮಿ 2 ಲೀಟರ್ ಬೇಕಾಯಿತು. ಪಿನ್ನುಗಳಿಗೆ ದಿನಾ ಬೆಳಗ್ಗೆ, ಮಧ್ಯಾಹ್ನ ಗ್ರೀಸ್ ಹೊಡೆದೆವು.

31ರಲ್ಲಿ 30 ತೆಗೆದೆವು. ಉಳಿದದ್ದು ಗುಡ್ಡೆಯ ಬದಿಯ ಎರಡನೆಯ ಹಲಸು. ಮೆಷಿನ್ ಅಲ್ಲಿಗೆ ತಂದು ಜಾಕ್ ಕಾಲು ಊರುವ ಹೊತ್ತಿಗೆ ಅಪ್ಪ ಮನೆಯಿಂದ ಓಡಿ ಬಂದರು. "ನಿಲ್ಲಿಸು ಮಾರಾಯ, ಅಡಿಯಲ್ಲಿ ಸುರಂಗ ಇದೆ." ಅಜ್ಜನ ಕಾಲದಲ್ಲಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗ, ನಾವು ಇವತ್ತಿಗೂ ಕುಡಿಯುವುದು ಅದರ ನೀರನ್ನೇ. ಟಾರ್ಚ್ ಹಿಡಿದು ಒಳಗೆ ಹೋಗಿ ಹೆಜ್ಜೆ ಅಳೆದು ನೋಡಿದೆವು. ಸರಿಯಾಗಿ ಕುತ್ತಿಯ ಕೆಳಗೇ ಹೋಗುತ್ತದೆ, ಸುರಂಗದ ಮಾಡಿನಲ್ಲಿ (ಮೇಲ್ಛಾವಣಿಯಲ್ಲಿ) ಹಲಸಿನ ಬೇರು ಇಳಿದಿರುವುದೂ ಕಾಣುತ್ತದೆ. ನಮ್ಮ ಕಡೆ ಗುಡ್ಡೆಯಲ್ಲಿ ಮೆಷಿನ್ ಇಳಿಸುವವರು ದಯವಿಟ್ಟು ಮನೆಯ ಹಿರಿಯರನ್ನು ಒಮ್ಮೆ ಕೇಳಿ, ಸುರಂಗದ ಬಾಯಿ ಎಲ್ಲಿದೆ, ಯಾವ ಕಡೆಗೆ ತಿರುಗಿದೆ ಅಂತ. ಮೆಷಿನ್ನನ್ನು ಹಾಗೇ ಹಿಂದೆ ತಂದೆವು. ಆ ಕುತ್ತಿಯ ಸುತ್ತ ಈಗ ಚಿಗುರು ಬಂದಿದೆ. ಗಟ್ಟಿಯಾದ ಒಂದನ್ನು ಉಳಿಸಿ ಬಾಕಿಯದನ್ನು ಆಡಿಗೆ ಹಾಕುತ್ತಿದ್ದೇವೆ.