ಅರ್ತಿಂಗ್ ತಂತಿಯಿಂದ ತಾಮ್ರದ ಕಡಗ

ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ತಿಂಗ್‌ಗೆ ಹಾಕುವ ಬರಿ ತಾಮ್ರದ ತಂತಿ, 8 ಗೇಜಿನದು ಕೇಳಿ. ದಪ್ಪ ಸುಮಾರು 4 ಮಿ.ಮೀ., ಅರ್ಧ ಮೀಟರಿಗೆ 58 ಗ್ರಾಂ ಆಸುಪಾಸು ತೂಗುತ್ತದೆ. ತುದಿಯನ್ನು ಅರದಿಂದ ಉಜ್ಜಿ ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಬರೀ ಲೇಪ, ಒಳಗಿರುವುದು ಅಲ್ಯೂಮಿನಿಯಂ. ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿಯಂತೂ ಬೇಡವೇ ಬೇಡ, ಕಾಯಿಸಿದರೆ ಸತುವಿನ ಹೊಗೆ ಏಳುತ್ತದೆ.

ಮಣಿಕಟ್ಟಿನ ಸುತ್ತಳತೆ 16.5 ಸೆಂ.ಮೀ. ಇದ್ದರೆ 15 ಸೆಂ.ಮೀ. ತುಂಡು ಸಾಕು, ಬಾಯಿ ಸುಮಾರು 2.5 ಸೆಂ.ಮೀ. ತೆರೆದಿರುತ್ತದೆ. ಬಡಿದಾಗ ತಂತಿ ತುಸು ಉದ್ದವಾಗುತ್ತದೆ, ಹೆಚ್ಚಾದದ್ದನ್ನು ಆಮೇಲೆ ಅರದಿಂದ ತೆಗೆಯಿರಿ.

ಈ ಕೆಲಸವೆಲ್ಲ ನಿಂತಿರುವುದು ಹದದ ಮೇಲೆ. ತಾಮ್ರ ಬಡಿದಷ್ಟೂ ಬಿರುಸಾಗುತ್ತದೆ, ಮೆತ್ತಗಾಗಲು ಕಾಯಿಸಲೇಬೇಕು. ಅಡುಗೆಮನೆಯ ದೀಪ ಆರಿಸಿ, ತಂತಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಆಚೀಚೆ ಆಡಿಸಿ. ಮಂಕು ಕೆಂಪು ಕಂಡ ಕಡೆಯಿಂದ ಮುಂದಕ್ಕೆ ಸರಿಸುತ್ತಾ ಹೋಗಿ. ಬೆಳಕಿದ್ದರೆ ಆ ಕೆಂಪು ಕಾಣುವುದಿಲ್ಲ, ಅತಿಯಾಗಿ ಕಾಯಿಸಿಬಿಡುತ್ತೀರಿ. ಬಳಿಕ ನೇರ ನೀರಿಗೆ ಅದ್ದಿ. ಉಕ್ಕಿನ ಹಾಗೆ ತಾಮ್ರ ಇದರಿಂದ ಗಡುಸಾಗುವುದಿಲ್ಲ. ಕಪ್ಪು ಪದರ ಹೋಗಲು ಹುಣಸೆರಸಕ್ಕೆ ಉಪ್ಪು ಬೆರೆಸಿ ಅರ್ಧ ಗಂಟೆ ನೆನೆಸಿ, ತಿಕ್ಕಿ ತೊಳೆಯಿರಿ. ಕಪ್ಪು ಇದ್ದಂತೆಯೇ ಬಡಿದರೆ ಅದು ಲೋಹದೊಳಕ್ಕೆ ಇಳಿದು ಕಲೆಯಾಗುತ್ತದೆ.

ದೊಡ್ಡ ಸುತ್ತಿಗೆಯ ತಲೆಯನ್ನೇ ಅಡಿಗಲ್ಲು ಮಾಡಿಕೊಂಡು ಚಪ್ಪಟೆ ಬಡಿಯಿರಿ. ಸುತ್ತಿಗೆಯ ಮುಖಕ್ಕೆ ಮೊದಲೇ 400 ನಂಬರ್ ಎಮರಿ ಪೇಪರ್ ಹೊಡೆದಿರಬೇಕು, ಇಲ್ಲದಿದ್ದರೆ ಅದರ ಗೀರೆಲ್ಲ ಕಡಗದ ಮೇಲೆ ಅಚ್ಚಾಗುತ್ತದೆ. ಪೆಟ್ಟಿಗೆ ಲೋಹ ಹರಡದೆ ಸುತ್ತಿಗೆ ಪುಟಿಯತೊಡಗಿದರೆ ನಿಲ್ಲಿಸಿ ಮತ್ತೆ ಕಾಯಿಸಿ. ಹಟ ಹಿಡಿದು ಬಡಿದರೆ ಅಂಚಿನಲ್ಲಿ ಬಿರುಕು ಬಿಡುತ್ತದೆ, ಆ ತುಂಡು ಆಮೇಲೆ ಉಪಯೋಗಕ್ಕೆ ಬಾರದು.

ತುದಿಗಳನ್ನು ಅರದಿಂದ ಉರುಟು ಮಾಡಿ, 400ರಿಂದ 800, 1200ರವರೆಗೆ ಎಮರಿ ಹೊಡೆಯಿರಿ. ಇನ್ನೊಮ್ಮೆ ಕಾಯಿಸಿ, ಹುಣಸೆರಸದಲ್ಲಿ ತೊಳೆದು, ಒಂದೂವರೆ ಇಂಚಿನ ಜಿಐ ಪೈಪಿನ ಮೇಲೆ ಮರದ ಕೊಡತಿಯಿಂದ ಬಗ್ಗಿಸಿ. ಮೊದಲು ಎರಡೂ ತುದಿ, ಆಮೇಲೆ ನಡು. ನಡುವನ್ನೇ ಮೊದಲು ಬಗ್ಗಿಸಿದರೆ ತುದಿಗಳು ನೆಟ್ಟಗೆ ಉಳಿದು ಕೈಗೆ ಚುಚ್ಚುತ್ತವೆ. ಮಣಿಕಟ್ಟು ದುಂಡಗಿರುವುದಿಲ್ಲವಾದ್ದರಿಂದ ಕೈಯಿಂದ ಒತ್ತಿ ಮೊಟ್ಟೆಯಾಕಾರಕ್ಕೆ ತನ್ನಿ. ಈಗ ಮತ್ತೆ ಕಾಯಿಸಬೇಡಿ. ಪೈಪಿನ ಮೇಲಿಟ್ಟು ಸುತ್ತಲೂ ಕೊಡತಿಯಿಂದ ಹಗುರವಾಗಿ ಬಡಿದರೆ ಬಿಗಿ ಬಂದು ಆಕಾರ ನಿಲ್ಲುತ್ತದೆ.

ಬೆವರಿಗೆ ಚರ್ಮ ಹಸಿರಾಗುತ್ತದೆ, ತೊಳೆದರೆ ಹೋಗುತ್ತದೆ. ಒಳಮೈಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯಬಹುದು, ಆದರೆ ಅದು ಸವೆಯುತ್ತದೆ, ಆಗಾಗ ಬಳಿಯುತ್ತಿರಬೇಕು. ತೊಡುವಾಗ ಬಾಯಿ ಅಗಲಿಸದೆ ಮಣಿಕಟ್ಟಿನ ಪಕ್ಕದಿಂದ ತೂರಿಸಿ.